ಮುದ್ದು ಎದುರು ಕೂತಿದ್ದಳು

“ಬೇವರ್ಸಿಗಳು. ಒಂದು ಬೆರಳು ಸರಿ ಇಡ್ಲಿಕ್ಕೆ ಬರುದಿಲ್ಲ ನಿಮಗೆ. ಒರೆಸಿ ಇಡು ಮಾರಾಯ್ತಿ, ಒರೆಸಿ.”

ಮ್ಯಾನೇಜರ್ ಶೈಲೇಶನ ಬೆಳಗಿನ ಮಂತ್ರ ಇದು. ವಾಮಂಜೂರಿನ ಆಚೆಗಿರುವ ನಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಹಾಜರಿಗೆ ಬೆರಳು ಒತ್ತುವ ಮಿಶನ್ ಬಂದಿದೆ. ಬೀಜ ಒಡೆಯುವ ನಮ್ಮ ಬೆರಳುಗಳಲ್ಲಿ ಗೆರೆಗಳೇ ಇಲ್ಲ. ಸಿಪ್ಪೆಯ ಎಣ್ಣೆ ಅವನ್ನು ಎಂದೋ ಸುಟ್ಟು ತಿಂದಿದೆ. ಎಷ್ಟು ಒರೆಸಿದರೂ ಕೆಂಪು ದೀಪ. ಆಗ ಕ್ಲರ್ಕ್ ಹಿತೇಶ್ ಪುಸ್ತಕದಲ್ಲಿ ನಮ್ಮ ಹೆಸರು ಬರೆದುಕೊಳ್ಳುತ್ತಾನೆ.

ನಮ್ಮ ಜೊತೆ ಬೀಜ ಒಡೆಯುವ ಸುಂದರಿಗೆ ಆ ಪುಸ್ತಕದ ಮೇಲೆ ನಂಬಿಕೆ ಇರಲಿಲ್ಲ. ತನ್ನ ದಿನವನ್ನು ತಾನೇ ಬರೆದಿಡುತ್ತಿದ್ದಳು. ಏಳನೇ ಕ್ಲಾಸು ಓದಿದವಳು. ಮಗಳು ಮೋಕ್ಷಾಳ ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಹಾಳೆಗಳನ್ನು ಬೀಡಿ ಕಟ್ಟುವ ನೂಲಿನಿಂದ ಹೊಲಿದು ಡೈರಿ ಮಾಡಿದ್ದಳು. ಅವಳ ಮಾತು ತುಳು, ಬರವಣಿಗೆ ಕನ್ನಡ, ಶೈಲೇಶನ ಬೈಗುಳ ಮಾತ್ರ ಅವನು ಬೈದ ಹಾಗೆಯೇ. ಊಟದ ಹೊತ್ತಿಗೆ ನಮಗೆ ಓದಿ ಹೇಳುತ್ತಿದ್ದಳು.

“ನಾಲ್ಕೂವರೆಗೆ ಎದ್ದೆ. ನಳ್ಳಿಯಲ್ಲಿ ನೀರಿಲ್ಲ. ಗಂಜಿ, ಒಣಮೀನಿನ ಚಟ್ನಿ. ಬಸ್ಸಿನಲ್ಲಿ ಕಾಲೇಜಿನ ಹುಡುಗಿ ನನ್ನ ಕಪ್ಪು ಕೈ ನೋಡಿ ಸೀಟು ಬಿಟ್ಟು ಎದ್ದಳು. ನಾನು ಆರಾಮವಾಗಿ ಕೂತೆ.”

“ಎರಡನೇ ಸಲ ಮೂತ್ರಕ್ಕೆ ಹೋದದ್ದಕ್ಕೆ ಶೈಲೇಶ್ ಸರ್ ಎಲ್ಲರೆದುರು ಕೇಳಿದರು, ನಿನ್ನ ಟ್ಯಾಂಕಿ ಅಷ್ಟು ಸಣ್ಣದಾ ಎಂದು. ಗಂಡಸರೆಲ್ಲ ನಕ್ಕರು. ಮುದ್ದು ಎದುರು ಕೂತಿದ್ದಳು. ಅವಳು ನನ್ನ ಪಾಲಿನ ಬೀಜವನ್ನೂ ಒಡೆದಿಟ್ಟಿದ್ದಳು.”

ಆ ಮುದ್ದುವೇ ಈಗ ಇಲ್ಲ. ಕಳೆದ ತಿಂಗಳ ಹದಿನೇಳಕ್ಕೆ ಬೀಜ ಬೇಯಿಸುವ ಡ್ರಮ್ಮಿನ ಮುಚ್ಚಳ ಹಾರಿತು. ಬುಟ್ಟಿ ಹಿಡಿದು ಹೋಗಿದ್ದ ಅವಳ ಮೇಲೆ ಹಬೆ ನುಗ್ಗಿತು. ಕಂಕನಾಡಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ನರಳಿ ತೀರಿಕೊಂಡಳು.

ಬೊಜ್ಜದ ಉತ್ತರಕ್ರಿಯೆ ಮುಗಿದ ಮೇಲೆ ಅವಳ ಗಂಡ ಪೂವಪ್ಪಣ್ಣ ಪರಿಹಾರ ಕೇಳಲು ಫ್ಯಾಕ್ಟರಿಗೆ ಬಂದ. ಶೈಲೇಶ್ ಅವನನ್ನು ಬಿಸಿಲಲ್ಲೇ ನಿಲ್ಲಿಸಿ ಮಾತಾಡಿದ.

“ನಿನ್ನ ಹೆಂಡತಿ ಆ ದಿನ ಕೆಲಸಕ್ಕೇ ಬರ್ಲಿಲ್ಲ. ಮಿಶನಲ್ಲಿ ಆಬ್ಸೆಂಟ್ ಅಂತ ಉಂಟು.”

“ಬುತ್ತಿ ತಕ್ಕೊಂಡು ಹೊರಟದ್ದು ಸರ್. ಬಸ್ಸಿಗೆ ಹತ್ತಿಸಿದ್ದು ನಾನೇ.”

“ಬುತ್ತಿಯಲ್ಲಿ ತುಂಬಿಸ್ಲಿಕ್ಕೆ ಬಂದದ್ದು. ಹಿಂದಿನ ಬಾಗಿಲಲ್ಲಿ ನುಗ್ಗಿ ಬೀಜ ಕದೀಲಿಕ್ಕೆ. ನಿಮ್ಮ ಜಾತಿಯ ಬುದ್ಧಿ ಎಲ್ಲಿಗೆ ಹೋಗ್ತದೆ? ಪೊಲೀಸಿಗೆ ಕೊಡ್ಲಿಲ್ಲ ಅಂತ ಕೈಮುಗಿದು ಹೋಗು.”

ಪೂವಪ್ಪಣ್ಣ ನಿಜವಾಗಿಯೂ ಕೈಮುಗಿದ. ನಾನು ನೆಟ್ಟಗೆ ಒಳಗೆ ಹೋದೆ. ಹೆಸರು ಬರೆದ ಪುಸ್ತಕ ಎಲ್ಲಿ ಎಂದು ಹಿತೇಶನನ್ನು ಕೇಳಿದೆ. “ಗೆದ್ದಲು ತಿಂದಿತು ಮಟಿಲ್ಡಾ ಬಾಯಿ” ಎಂದ, ತಲೆ ಎತ್ತದೆ. ಆ ಗೆದ್ದಲಿಗೆ ಬೇರೆ ಯಾವ ಪುಸ್ತಕವೂ ರುಚಿಸಿರಲಿಲ್ಲ.

ಅಪಘಾತದ ತನಿಖೆಗೆ ಸರಕಾರದ ಆಫೀಸರ್ ಬರುತ್ತಾರೆಂದು ಗೊತ್ತಾದಾಗ ಶೈಲೇಶ್ ನಮ್ಮನ್ನು ಒಬ್ಬೊಬ್ಬರಾಗಿ ಕರೆದ. ಮುದ್ದು ಆ ದಿನ ಕೆಲಸಕ್ಕೆ ಬಂದಿರಲಿಲ್ಲ ಎಂದು ಒಂದು ಕಾಗದದಲ್ಲಿ ಟೈಪು ಮಾಡಿಸಿಟ್ಟಿದ್ದ. ಐದು ಮಂದಿ ಹೆಬ್ಬೆಟ್ಟು ಒತ್ತಿದರು. ಆರನೆಯವಳು ನಾನು. ನನಗೆ ಹೆಸರು ಬರೆಯಲು ಬರುತ್ತದೆ. ಆದರೂ ಅವನು ಇಂಕಿನ ಡಬ್ಬಿ ತಳ್ಳಿದ ಕೂಡಲೇ ಒತ್ತಿದೆ. ಹೆದರಿದ್ದೆ, ಅಷ್ಟೇ. ಗೆರೆಯಿಲ್ಲದ ನೀಲಿ ಕಲೆ ಬಿತ್ತು. ಮಿಶನಿಗೆ ಆಗದ ಬೆರಳು ಅವನಿಗೆ ಆಯಿತು.

ಕೊನೆಗೆ ಸುಂದರಿಯ ಸರದಿ. ನಾನು ಬಾಗಿಲ ಹೊರಗೇ ನಿಂತಿದ್ದೆ. “ನೀನು ಅವಳ ಎದುರು ಕೂರುವವಳು. ನಿನ್ನದೇ ಮುಖ್ಯ. ನಾಳೆ ಆಫೀಸರ್ ಎದುರಲ್ಲೇ ಒತ್ತು. ಸೋಮವಾರದಿಂದ ಬೀಜ ಆರಿಸುವ ಗ್ರೇಡಿಂಗಿಗೆ ಹಾಕ್ತೇನೆ, ಫ್ಯಾನಿನ ಕೆಳಗೆ. ಕೈ ಸುಡುದಿಲ್ಲ. ಆಗುದಿಲ್ಲ ಅಂತಾದ್ರೆ ಸೋಮವಾರ ಬರುದೇ ಬೇಡ.”

“ಆಯ್ತು ಸರ್” ಎಂದಳು ಸುಂದರಿ. ಅದನ್ನು ಕೇಳಿ ನನ್ನ ಮನಸ್ಸು ಹಗುರವಾಯಿತು. ಅವಳೂ ನನ್ನ ಹಾಗೆಯೇ ಎಂದುಕೊಂಡೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಮರುದಿನ ನಮ್ಮನ್ನೆಲ್ಲ ಆಫೀಸಿನ ಗೋಡೆಯ ಬದಿಗೆ ನಿಲ್ಲಿಸಿದರು. ಮೇಜಿನ ಆಚೆ ಆಫೀಸರ್, ಪಕ್ಕದ ಕುರ್ಚಿಯಲ್ಲಿ ಶೈಲೇಶ್. ಮೇಜಿನ ಮೇಲೆ ಆರು ನೀಲಿ ಕಲೆಗಳ ಕಾಗದ, ಇಂಕಿನ ಡಬ್ಬಿ.

“ಪೆನ್ನು ಕೊಡಿ ಸರ್” ಎಂದಳು ಸುಂದರಿ.

“ಹೆಬ್ಬೆಟ್ಟು ಸಾಕು” ಎಂದ ಶೈಲೇಶ್.

“ನನ್ನ ಬೆರಳಿನ ಗುರ್ತ ನಿಮ್ಮ ಮಿಶನಿಗೇ ಇಲ್ಲ. ಈ ಸಾಹೇಬರಿಗೆ ಹೇಗೆ ಸಿಗ್ತದೆ?”

ಆಫೀಸರ್ ತಲೆ ಎತ್ತಿದರು. ತಮ್ಮ ಪೆನ್ನನ್ನೇ ಚಾಚಿದರು. ಅದನ್ನು ಹಿಡಿದುಕೊಂಡೇ ಸುಂದರಿ ಚೀಲದಿಂದ ಡೈರಿ ತೆಗೆದು ಓದಿದಳು.

“ಹದಿನೇಳು. ಮುದ್ದುವಿನ ಬೆರಳನ್ನು ಮಿಶನ್ ಮೂರು ಸಲ ತೆಗೆದುಕೊಳ್ಳಲಿಲ್ಲ. ಶೈಲೇಶ್ ಸರ್ ಬೇವರ್ಸಿ ಎಂದರು. ಹಿತೇಶ್ ಹೆಸರು ಬರೆದುಕೊಂಡ. ಮುದ್ದು ಎದುರು ಕೂತಿದ್ದಳು. ಬಸಳೆ ಪದಾರ್ಥ ತಂದಿದ್ದೇನೆ, ಮಧ್ಯಾಹ್ನ ಕೊಡುತ್ತೇನೆ ಎಂದಳು. ಹನ್ನೊಂದೂವರೆಗೆ ಮುಚ್ಚಳ ಹಾರಿತು. ಅವಳ ಬುತ್ತಿ ನನ್ನ ಹತ್ತಿರ ಉಂಟು. ತೊಳೆಯಲು ಮನಸ್ಸಾಗುವುದಿಲ್ಲ.”

ಶೈಲೇಶ್ ಎದ್ದು ನಿಂತಿದ್ದ. “ಏ ರಂಡೆ, ಯಾರು ಕಲಿಸಿದ್ದು ನಿನಗೆ ಇದನ್ನೆಲ್ಲ?”

“ಏಳನೇ ಕ್ಲಾಸಿನ ಟೀಚರ್.”

ಅವಳು ಬಗ್ಗಿ, ಟೈಪು ಮಾಡಿದ್ದರ ಕೆಳಗೆ, ಸುಟ್ಟ ಬೆರಳುಗಳಿಂದ ನಿಧಾನವಾಗಿ ಬರೆದಳು. ಮುದ್ದು ಕೆಲಸಕ್ಕೆ ಬಂದಿದ್ದಳು. ನನ್ನ ಎದುರು ಕೂತಿದ್ದಳು. ಸುಂದರಿ.

ಬರೆದು ಮುಗಿದ ಮೇಲೆ ಪೆನ್ನನ್ನು ಆಫೀಸರಿಗೆ ಹಿಂದೆ ಕೊಡಲಿಲ್ಲ. ತಿರುಗಿ ನನ್ನ ಕಡೆ ಚಾಚಿದಳು. ಶೈಲೇಶ್ ನನ್ನನ್ನೇ ನೋಡುತ್ತಿದ್ದ. ನನ್ನ ಹೆಬ್ಬೆಟ್ಟಿನ ಇಂಕು ಇನ್ನೂ ಹೋಗಿರಲಿಲ್ಲ. ಅದನ್ನು ಸೀರೆಗೆ ಒರೆಸಿಕೊಂಡು ನಾನು ಗೋಡೆ ಬಿಟ್ಟು ಮುಂದೆ ಬಂದೆ.