ಷೆಡ್ಡಿಗೆ ಹೋಗದ ಜಿಂಕೆ ತಲೆ

ಬಲಗೈಗೆ ಪ್ಲಾಸ್ಟರ್ ಹಾಕಿದ್ದರಿಂದ ಮಾರ್ಲಾ ಗಂಡನ ಸಾಮಾನುಗಳನ್ನು ಎಡಗೈಯಲ್ಲೇ ಎಳೆದೆಳೆದು ಹಿತ್ತಲಿನ ಷೆಡ್ಡಿಗೆ ಸಾಗಿಸುತ್ತಿದ್ದಳು. ಸ್ಟೀಲಿನ ಥರ್ಮಾಸ್ ಫ್ಲಾಸ್ಕು ಹೋಯಿತು; ಅವಳ ಕೆಳಸಾಲಿನ ಹಲ್ಲು ಉದುರಿಸಿದ್ದು ಅದು. ಕಬ್ಬಿಣದ ಮೂತಿಯ ಬೂಟು ಹೋಯಿತು. ಅದರ ಗುರುತು ಇನ್ನೂ ಪಕ್ಕೆಲುಬಿನ ಮೇಲಿತ್ತು. ಮೀನಿನ ಗಾಳದ ಕೋಲು ಮಾತ್ರ ಅವಳಿಗೆ ಏನೂ ಮಾಡಿರಲಿಲ್ಲ, ಪಾಪ. ಅದನ್ನು ಸ್ವಲ್ಪ ಮೆತ್ತಗೆ ಗೋಡೆಗೆ ಒರಗಿಸಿದಳು. ಗಂಡ ಕರ್ಟ್‌ನದು ಅನ್ನುವಂಥ ಒಂದು ಗುಂಡಿಯೂ ಮನೆಯೊಳಗೆ ಉಳಿಯಬಾರದು ಎಂಬುದು ಅವಳ ಹಟ.

ಹಟಕ್ಕೆ ಕಾರಣವಿತ್ತು. ಹೆಂಡತಿಯ ಹತ್ತಿರ ಸುಳಿಯಕೂಡದೆಂದು ನ್ಯಾಯಾಧೀಶರು ಕರ್ಟ್‌ಗೆ ತಾಕೀತು ಮಾಡಿದ್ದರು. ಬೇಟೆಯ ಬಂದೂಕುಗಳನ್ನು ಶೆರಿಫ್ ಕಚೇರಿಯ ಪೊಲೀಸರು ಹೊತ್ತುಕೊಂಡು ಹೋಗಿದ್ದರು. ಆದರೆ ತನ್ನ ಸಾಮಾನು ಒಯ್ಯಲು ಒಂದೇ ಒಂದು ಸಲ, ಪೊಲೀಸಿನವನ ಜೊತೆಯಲ್ಲಿ, ಅವನು ಬರಬಹುದಿತ್ತು. ಅದು ಇವತ್ತು ಮಧ್ಯಾಹ್ನ. ಎಲ್ಲವೂ ಷೆಡ್ಡಿನಲ್ಲಿದ್ದರೆ ಹಿತ್ತಲಿನಿಂದಲೇ ತುಂಬಿಕೊಂಡು ಹೋಗುತ್ತಾನೆ. ಒಳಗೊಂದು ವಸ್ತು ಉಳಿದರೂ ಅದನ್ನೇ ನೆಪ ಮಾಡಿಕೊಂಡು ಹೊಸಿಲು ದಾಟುತ್ತಾನೆ. ದಾಟಿದರೆ ತನ್ನ ಹೆಣ ಬೀಳುತ್ತದೆ ಎಂಬುದರಲ್ಲಿ ಮಾರ್ಲಾಗೆ ಅನುಮಾನವಿರಲಿಲ್ಲ. ಕಳೆದ ಸಲ ಅವಳ ಕತ್ತು ಹಿಸುಕುತ್ತ ಅವನೇ ಹಾಗೆಂದು ಹೇಳಿದ್ದ, ದನಿ ಕೂಡ ಏರಿಸದೆ.

ಬೇಲಿಯಾಚೆಯ ಮನೆಯಿಂದ ಅತ್ತೆ ಲೆಂಪಿ ಹಿಮ ತುಳಿದುಕೊಂಡು ಬಂದಳು. ಎಪ್ಪತ್ತು ದಾಟಿದರೂ ಬಿಸಿಹಬೆ ಸ್ನಾನದ ಸೌನಾ ಒಲೆಗೆ ತಾನೇ ಸೌದೆ ಒಡೆಯುವ ಗಟ್ಟಿ ಮುದುಕಿ.

"ಏನೇ ಇದು? ಮನೆ ಖಾಲಿ ಮಾಡ್ತಿದ್ದೀಯೋ, ನನ್ನ ಮಗನ್ನೇ ಖಾಲಿ ಮಾಡ್ತಿದ್ದೀಯೋ?"

"ಎರಡನ್ನೂ," ಎಂದಳು ಮಾರ್ಲಾ.

"ನಾಲಗೆ ನೋಡು ನಾಲಗೆ! ಇದರಿಂದ್ಲೇ ಆಗಿದ್ದು ಎಲ್ಲ."

ಬೈದರೂ ಮುದುಕಿ ಸುಮ್ಮನೆ ನಿಲ್ಲಲಿಲ್ಲ. ಸ್ಪ್ಯಾನರುಗಳ ಪೆಟ್ಟಿಗೆಯ ಒಂದು ಹಿಡಿ ತಾನು ಹಿಡಿದಳು. ಕೊಡಲಿಯನ್ನು ಮಾರ್ಲಾ ತನ್ನ ಕಾರಿನ ಡಿಕ್ಕಿಗೆ ಹಾಕಿ ಬೀಗ ಜಡಿದಾಗ ಮಾತ್ರ ಮುದುಕಿಯ ಮುಖ ಗಂಟಿಕ್ಕಿತು.

"ಯಾಕೆ? ಅದೂ ಅವನದೇ ಅಲ್ವಾ? ನನ್ನ ಮಗ ಏನು ಕೊಲೆಗಾರನೇ?"

ಮಾರ್ಲಾ ಕಾರಿನ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಳು. ಹೆತ್ತ ಕರುಳಿಗೆ ಕಣ್ಣಿದ್ದಿದ್ದರೆ ಈ ಪ್ಲಾಸ್ಟರನ್ನು ನೋಡಬಹುದಿತ್ತು ಎಂದುಕೊಂಡಳು.

ಕೊನೆಗೆ ಉಳಿದದ್ದು ನಡುಮನೆಯ ಗೋಡೆಯ ಮೇಲಿದ್ದ ಜಿಂಕೆ ತಲೆ. ಹತ್ತು ಕವಲಿನ ಕೊಂಬು, ಗಾಜಿನ ಕಣ್ಣು, ಈಗಷ್ಟೇ ಏನೋ ಸಪ್ಪಳ ಕೇಳಿದ ಹಾಗೆ ಮುಂದಕ್ಕೆ ಚಾಚಿದ ಕಿವಿಗಳು. ಮಾರ್ಲಾ ಕುರ್ಚಿ ಎಳೆದು ಹತ್ತಿದಳು.

"ಅಯ್ಯೋ, ಇದನ್ನ ಷೆಡ್ಡಿಗೆ ಹಾಕ್ತೀಯಾ?" ಲೆಂಪಿ ಎದೆ ಮುಟ್ಟಿಕೊಂಡಳು. "ತೇವಕ್ಕೆ ಕೂದಲೆಲ್ಲ ಉದುರುತ್ತೆ. ಇಲಿ ಕಿವಿ ತಿಂದು ಹಾಕುತ್ತೆ."

"ಇವತ್ತೇ ಒಯ್ತಾನಲ್ಲ."

"ಎಲ್ಲಿಗೆ ಒಯ್ತಾನೆ? ಸ್ನೇಹಿತನ ಟ್ರೇಲರ್ ಮನೇಲಿ ಅವನಿಗೇ ಜಾಗ ಇಲ್ಲ. ಇಲ್ಲೇ ಇರಲಿ. ಪೊಲೀಸಿನವನ ಕೈಲಿ ಇಳಿಸಿ ನನ್ನ ಮನೇಲಿ ಇಟ್ಕೋತೀನಿ. ನೀನು ಬೇಟೆಗಾರನ ಮಗಳಲ್ವೇನೇ?"

ಆ ಮಾತು ನಾಟಿತು. ಆ ಕಾಡುಸೀಮೆಯಲ್ಲಿ ಜಿಂಕೆ ತಲೆಯನ್ನು ಷೆಡ್ಡಿನಲ್ಲಿ ಕೊಳೆಸುವವನೂ ಒಂದೇ, ಸಾಕಿದ ನಾಯಿಯನ್ನು ಉಪವಾಸ ಕೆಡವುವವನೂ ಒಂದೇ. ಅಪ್ಪ ಅವಳಿಗೆ ಅದನ್ನು ಕಲಿಸಿದ್ದ. ಬೂಟು, ಫ್ಲಾಸ್ಕು ಎಲ್ಲವನ್ನೂ ಎಸೆದ ಕೈ ಇಲ್ಲಿ ಮಾತ್ರ ಹಿಂದೆಗೆಯಿತು. ತನ್ನ ಕಿವಿಯ ತಮಟೆ ಒಡೆದವನ ಜಿಂಕೆಯ ಕಿವಿಗಾಗಿ ಮರುಗಿದಳಲ್ಲ, ಎಂಥ ಪೆದ್ದಿ! ಕುರ್ಚಿಯಿಂದ ಇಳಿದು ಬಾಗಿಲಿನ ಚಿಲಕ ಹಾಕಿದಳು. ಲೆಂಪಿ ಕಾಫಿಗೆ ನೀರಿಟ್ಟಳು.

ಪೊಲೀಸಿನವನಿಗಿಂತ ಮೊದಲೇ ಕರ್ಟ್‌ನ ಟ್ರಕ್ಕು ಬಂತು. ಷೆಡ್ಡಿನಲ್ಲಿ ಸಾಮಾನು ಎತ್ತಿ ಕುಕ್ಕುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಹೆಜ್ಜೆಗಳು ಹಿತ್ತಲ ಬಾಗಿಲಿಗೆ ಬಂದವು.

"ನನ್ನ ಜಿಂಕೆ ಎಲ್ಲಿ?"

"ಪೊಲೀಸಿನವರು ಬರ್ಲಿ, ಕೊಡಿಸ್ತೀನಿ," ಎಂದಳು ಮಾರ್ಲಾ.

"ಚಳಿ ಕಣೇ ಮಾರ್ಲಾ. ಒಂದು ನಿಮಿಷ. ಅಷ್ಟೇ."

ಎಷ್ಟು ಮೃದುವಾದ ದನಿ! ಅವಳ ಕತ್ತು ಹಿಸುಕಿದಾಗಲೂ ಇದೇ ದನಿಯಿತ್ತು. ಲೆಂಪಿಗೆ ಮಾತ್ರ ಅದು ಮಗನ ದನಿಯಾಗಿ ಕೇಳಿಸಿತು.

"ಒಂದು ತಲೆಗೋಸ್ಕರ ಅವನನ್ನ ಹಿಮದಲ್ಲಿ ನಿಲ್ಲಿಸ್ತೀಯಾ? ನಾನಿಲ್ವಾ ಇಲ್ಲಿ?"

"ಬೇಡ, ಲೆಂಪಿ, ನಿಮ್ಮ ಕಾಲಿಗೆ ಬೀಳ್ತೀನಿ..."

ಮುದುಕಿ ಚಿಲಕ ತೆಗೆದೇ ಬಿಟ್ಟಳು.

ಕರ್ಟ್ ಗೋಡೆಯ ಕಡೆ ನೋಡಲೇ ಇಲ್ಲ. ಒಳಗೆ ಬಂದವನೇ ಮಾರ್ಲಾಳ ಜುಟ್ಟು ಹಿಡಿದು ಮುಖವನ್ನು ಅಡುಗೆಕಟ್ಟೆಗೆ ಅಪ್ಪಳಿಸಿದ. ಮೂಗಿನ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಬಿದ್ದವಳ ಪ್ಲಾಸ್ಟರಿನ ಕೈ ಮೇಲೆ ಕಾಲಿಟ್ಟು ಒತ್ತಿದ. ಪ್ಲಾಸ್ಟರ್ ಬಿರಿಯಿತು. ಅವಳು ಕಿರುಚಿದಳು.

"ಕರ್ಟ್! ಬಿಡೋ! ಕೈ ಮುರಿದಿದೆ ಕಣೋ ಅವಳದು!"

"ಗೊತ್ತು. ಮುರಿದಿದ್ದು ನಾನೇ. ಅಮ್ಮ, ನೀನು ಮನೆಗೆ ಹೋಗು." ತಿರುಗಿಯೂ ನೋಡದೆ ಅಂದ. ಆಮೇಲೆ ಮಾರ್ಲಾಳ ಎದೆಯ ಮೇಲೆ ಕೂತು ಎರಡೂ ಕೈಯಿಂದ ಕತ್ತು ಹಿಡಿದ. ಮೇಲಿನ ದೀಪ ಮಂಕಾಗುತ್ತ ಬಂತು. ಸಾಯುತ್ತಿದ್ದೇನೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಆಗ ಅವನ ತಲೆ ಪಕ್ಕಕ್ಕೆ ವಾಲಿತು. ಲೆಂಪಿಯ ಕೈಯಲ್ಲಿ ಒಲೆಯ ಪಕ್ಕದ ಸೌದೆ ತುಂಡಿತ್ತು. ಅವನು ಏಳಲು ನೋಡಿದ. ಮುದುಕಿ ಅಳುತ್ತಲೇ, ಮಗನ ಹೆಸರು ಕರೆಯುತ್ತಲೇ ಇನ್ನೊಂದು ಬೀಸಿದಳು, ಮತ್ತೊಂದು ಬೀಸಿದಳು. ಅವನ ಕಿವಿಯಿಂದ ರಕ್ತ ಹರಿಯಿತು. ಕೈ ಸಡಿಲಾಯಿತು.

ಇಬ್ಬರೂ ಸೇರಿ ಅವನನ್ನು ಕಾಲು ಹಿಡಿದು ಹಿಮದ ಮೇಲೆ ಎಳೆದರು. ಹಿಂದೆ ಕೆಂಪು ಗೆರೆ ಬಿತ್ತು. ಷೆಡ್ಡಿನೊಳಗೆ, ಅವನದೇ ಸಾಮಾನಿನ ನಡುವೆ, ತಳ್ಳಿ ಬೀಗ ಹಾಕಿದರು. ಸ್ವಲ್ಪ ಹೊತ್ತಿಗೆ ಒಳಗಿಂದ ಒದೆತ ಶುರುವಾಯಿತು.

"ಅಮ್ಮ, ತೆಗಿ! ರಕ್ತ ಬರ್ತಿದೆ ಅಮ್ಮ!"

ಲೆಂಪಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಪ್ರತಿ ಒದೆತಕ್ಕೂ ಅವಳ ಮೈ ಅದುರುತ್ತಿತ್ತು.

"ನಂಗೆ ಗೊತ್ತಿರ್ಲಿಲ್ಲ ಕಣೇ," ಎಂದಳು. "ದೇವರಾಣೆಗೂ ಗೊತ್ತಿರ್ಲಿಲ್ಲ."

ಮಾರ್ಲಾ ಹಿಮದ ಮೇಲೆ ರಕ್ತ ಉಗಿದಳು. ಜೀವ ಉಳಿಸಿದವಳೆಂಬ ಕೃತಜ್ಞತೆ ಇತ್ತು, ಆದರೆ ಕ್ಷಮೆ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಗೊತ್ತಿತ್ತು. ಬೇಸಿಗೇಲಿ ಕಿಟಕಿ ತೆಗೆದಿರ್ತಿತ್ತಲ್ಲ. ಅವನು ಹೊಡೆಯೋಕೆ ಶುರು ಮಾಡಿದ ತಕ್ಷಣ ನೀವು ಟೀವಿ ಜೋರು ಮಾಡ್ತಿದ್ರಿ. ನಾನು ನೆಲದ ಮೇಲೆ ಬಿದ್ಕೊಂಡು ಕೇಳಿಸ್ಕೋತಿದ್ದೆ."

ಪೊಲೀಸಿನವನ ಗಾಡಿ ಅಂಗಳಕ್ಕೆ ತಿರುಗಿತು. ಅವನು ಇಳಿದು ಹಿಮದ ಮೇಲಿನ ಗೆರೆ ನೋಡಿದ, ಮಾರ್ಲಾಳ ಮುಖ ನೋಡಿದ, ಸೊಂಟದ ಪಿಸ್ತೂಲಿನ ಮೇಲೆ ಕೈಯಿಟ್ಟ.

"ಅಜ್ಜಿ, ಬಾಗಿಲಿನಿಂದ ಪಕ್ಕಕ್ಕೆ ಬನ್ನಿ. ಒಳಗೆ ಯಾರಿದ್ದಾರೆ?"

"ನನ್ನ ಮಗ. ಹೊಡೆದಿದ್ದು ನಾನು, ಬರ್ಕೊಳ್ಳಿ," ಎಂದಳು ಲೆಂಪಿ. ಒಳಗಿನ ಒದೆತ ನಿಂತಿತು. ಅವಳು ಸೊಸೆಯ ಕಡೆ ನೋಡಿದಳು, ನೋಡಲಾರದೆ ಕಣ್ಣು ಕೆಳಗಿಳಿಸಿದಳು. "ಇನ್ನೂ ಒಂದಿದೆ, ಅದನ್ನೂ ಬರ್ಕೊಳ್ಳಿ. ಇಷ್ಟು ವರ್ಷ ನಂಗೆ ಎಲ್ಲಾ ಕೇಳಿಸ್ತಿತ್ತು."