ಟ್ರೇಯಲ್ಲಿ ಅತ್ತೆ

ಫಿಲ್ಮ್ ಹಾಳೆಯ ಮೂಲೆಯ ಕಚ್ಚು ತೋರುಬೆರಳಿಗೆ ಸಿಕ್ಕಿತು, ಅಂದರೆ ಲೇಪದ ಮೈ ಮೇಲಕ್ಕಿದೆ, ಸರಿ, ಟ್ರೇಯ ಡೆವಲಪರ್ ದ್ರಾವಣದಲ್ಲಿ ಅಡಿಯ ಹಾಳೆಯನ್ನು ಮೆಲ್ಲಗೆ ಎಳೆದು ಮೇಲಕ್ಕೆ, ಮತ್ತೆ ಅಡಿಯದು ಮೇಲಕ್ಕೆ, ಉಗುರು ತಾಕಬಾರದು, ತಾಕಿದರೆ ಅತ್ತೆಯ ಕೆನ್ನೆಗೆ ಗೀರು — ಬೀಳಲಿ ಬಿಡು ಅನಿಸಿ ಸೊಸೆಗೆ ಕತ್ತಲಲ್ಲೇ ನಗು ಬಂತು, ಆದರೂ ಬೆರಳು ಹುಷಾರಾಗಿಯೇ ಇತ್ತು, ಕೈಗಿರುವ ನಿಯತ್ತು ಮನಸ್ಸಿಗಿಲ್ಲ. ಅಂಗೈಯಗಲದ ನಾಲ್ಕು ಹಾಳೆ, ನಾಲ್ಕರಲ್ಲೂ ಅತ್ತೆ, ನಾನು ಹೋದ್ಮೇಲೆ ಗೋಡೆಗೆ ಹಾಕೋಕೆ ಒಂದಾದ್ರೂ ನೆಟ್ಟಗಿರೋದು ತೆಗೆದುಕೊಡೇ ಅಂತ ಅವರೇ ಕೇಳಿದ್ದು, ಉಸಿರು ಬಿಗಿಹಿಡಿದು ಕೂತಿದ್ದು. ಮನೆಗಿರುವುದೊಂದೇ ಬಚ್ಚಲು, ಕಕ್ಕಸೂ ಅದೇ, ಇವಳ ಕತ್ತಲೆಕೋಣೆಯೂ ಅದೇ, ಬಾಗಿಲ ಸಂದಿಗೆ ಟವೆಲು ತುರುಕಿ ಅದರ ಮೇಲೆ ಹಿಮ್ಮಡಿಯೂರಿ ಕೂತಿದ್ದಾಳೆ, ಆಗ ಟಕಟಕ, ಏನೇ, ಇನ್ನೂ ಆಗ್ಲಿಲ್ವಾ, ನಂಗೆ ಅರ್ಜೆಂಟು ಕಣೇ. ಸ್ವಲ್ಪ ತಡ್ಕೊಳ್ಳಿ ಅತ್ತೆ, ಬೆಳಕು ಬಿದ್ರೆ ನಿಮ್ಮ ಫೋಟೋನೇ ಹಾಳು. ಹೊಸ ಮಾತ್ರೆ ಶುರುವಾದ ಮೇಲೆ ಅವರಿಗೆ ತಡೆಯಲಾಗುವುದಿಲ್ಲ, ಗೊತ್ತು, ಗೊತ್ತಿದ್ದೂ ಚಿಲಕ ಹಾಕುವ ಮುಂಚೆ ಒಂದು ಮಾತು ಕೇಳಲಿಲ್ಲ.

ವರ್ಷಗಳ ಹಿಂದೆ ಅವತ್ತು ಚಿಲಕವಿರಲಿಲ್ಲ, ಟ್ರೇಯಲ್ಲಿ ಇವಳ ಅಪ್ಪ ಇದ್ದ, ಆಸ್ಪತ್ರೆಗೆ ಸೇರಿಸುವ ಮುಂಚೆ ಕಿಟಕಿ ಪಕ್ಕ ಕೂರಿಸಿ ತೆಗೆದ ಅಪ್ಪ, ಬರಬೇಡಿ ಅತ್ತೆ ಅಂತ ಕೂಗಿದರೂ ಬಾಗಿಲು ಧಡಾರನೆ ತೆರೆಯಿತು, ನನ್ನ ಮನೇಲಿ ನಂಗೇ ಅಪ್ಪಣೆಯೇನೇ, ಹಗಲ ಬೆಳಕೆಲ್ಲ ಒಳಗೆ ನುಗ್ಗಿತು, ನೋಡನೋಡುತ್ತ ಹಾಳೆ ಪೂರ್ತಿ ಕಪ್ಪು, ಅಪ್ಪನಿಗೆ ಮೂಗಿಲ್ಲ, ಕಣ್ಣಿಲ್ಲ. ಅಯ್ಯೋ, ಅದಕ್ಯಾಕೆ ಅಳ್ತೀಯ, ಇನ್ನೊಂದು ತೆಗಿ. ಅಪ್ಪ ಆಗಲೇ ಸತ್ತಿದ್ದ.

ಹಾಳೆಗಳು ಚಿತ್ರ ನಿಲ್ಲಿಸುವ ಫಿಕ್ಸರಿನಲ್ಲಿ ನೆನೆದು ಮುಗಿದವು, ಇನ್ನು ದೀಪ ಹಾಕಬಹುದು, ಬಾಗಿಲು ತೆಗೆಯಬಹುದು, ದೀಪ ಹಾಕಿದಳು. ನೆಗೆಟಿವ್ ಎತ್ತಿ ಹಿಡಿದರೆ ನರೆಗೂದಲು ಕಪ್ಪಾಗಿ ಅತ್ತೆ ಹುಡುಗಿಯ ಹಾಗಿದ್ದರು, ಒಂದೊಂದು ಸುಕ್ಕೂ ನಿಚ್ಚಳ, ಇಷ್ಟು ಚೆಂದದ್ದನ್ನು ಇವಳು ಯಾವತ್ತೂ ತೆಗೆದಿಲ್ಲ. ನಿನ್ ಕಾಲಿಗೆ ಬೀಳ್ತೀನಿ ಕಣೇ, ತೆಗಿಯೇ. ಇನ್ನೂ ಕತ್ತಲಿದೆ ಅತ್ತೆ ಅಂದಳು, ದೀಪದ ಕೆಳಗೆ ನಿಂತು, ಎಷ್ಟು ಸಲೀಸಾಗಿ ಬಂತು ಸುಳ್ಳು, ಹಿಮ್ಮಡಿ ಟವೆಲಿನ ಮೇಲೇ ಇತ್ತು. ಬಡಿತ ನಿಂತಿತು, ಬಳೆ ಬಾಗಿಲಿಗೆ ಒರಸಿಕೊಂಡು ಕೆಳಗಿಳಿದ ಸದ್ದು, ಆಮೇಲೆ ಬಹಳ ಸಣ್ಣ ದನಿಯಲ್ಲಿ, ಆಗ್ಹೋಯ್ತು ಕಣೇ, ಅವನಿಗೆ ಹೇಳ್ಬೇಡ. ಅವನು ಅಂದರೆ ಮಗ, ಇವಳ ಗಂಡ. ಹೊಟ್ಟೆ ತಣ್ಣಗಾಗಬೇಕಿತ್ತು, ಇಷ್ಟು ವರ್ಷ ಕಾದಿದ್ದಕ್ಕೆ ಒಂದಿಷ್ಟಾದರೂ, ಆದರೆ ಹಿಮ್ಮಡಿಯ ಕೆಳಗೆ ಟವೆಲು ಬೆಚ್ಚಗಾಗುತ್ತಿದೆ, ಡೆವಲಪರ್ ಚೆಲ್ಲಿರಬೇಕು, ಡೆವಲಪರ್ ತಣ್ಣಗಿರುತ್ತದೆ, ಇದು ಬೆಚ್ಚಗೆ, ಕಾಲೆತ್ತಲಿಲ್ಲ, ಚಿಲಕ ತೆಗೆಯಲಿಲ್ಲ, ಟವೆಲು, ಬೆಚ್ಚಗೆ, ಟವೆಲು —