ನಲವತ್ತೊಂದು ತಪ್ಪುಗಳು

ಎಸಿ ಕೋಣೆಯಲ್ಲಿ ಕೂತು, ಉಪಗ್ರಹದ ಚಿತ್ರ ನೋಡಿ ಯಾರೋ ಬಣ್ಣ ಬಳಿದ ನಕಾಶೆ. ಹಾರೂಗೇರಿ ಆಚೆಯ ಸಂರಕ್ಷಿತ ಅರಣ್ಯದಲ್ಲಿ ನೂರು ಕಡೆ ನಿಂತು, ಅದು ಸರಿಯಿದೆಯೋ ಇಲ್ಲವೋ ನೋಡುವುದು ಶೈಲಾಳ ಕೆಲಸ. ನಲವತ್ತೊಂದು ಕಡೆ ನಕಾಶೆ ಮರಗಳಿವೆ ಎನ್ನುತ್ತಿತ್ತು. ಇದ್ದದ್ದು ಎದೆಮಟ್ಟದ ಹುಲ್ಲು, ಅದರ ಸಂದಿಯ ಮಣ್ಣಿನಲ್ಲಿ ತೋಳದ ಹೆಜ್ಜೆ. ಹುಲ್ಲೇ ಇಲ್ಲಿಯ ಕಾಡು, ನಕಾಶೆ ತಿದ್ದಿರಿ ಎಂದು ಬರೆದು, ಒಂದೊಂದು ಜಾಗದ ಅಕ್ಷಾಂಶ ರೇಖಾಂಶ ಸಮೇತ ವರದಿ ಕೊಟ್ಟಳು.

ಎರಡು ವರ್ಷದ ಮೇಲೆ ಮರುಪರಿಶೀಲನೆಗೆ ಬಂದಾಗ ಗಾರ್ಡ್ ಜ್ಞಾನದೇವ ಹುರುಪಿನಿಂದ ಕರೆದೊಯ್ದ. ಹುಲ್ಲನ್ನು ಜೆಸಿಬಿಯಿಂದ ಕೆತ್ತಿ ಹಾಕಿದ್ದರು. ಅವಳು ನಿಂತಿದ್ದ ಆ ಜಾಗಗಳಲ್ಲೆಲ್ಲ ಆಳೆತ್ತರದ ಅಕೇಶಿಯಾ, ಸಾಲು ಸಾಲಾಗಿ.

"ನಕಾಶಾ ತಿದ್ದ್ರಿ ಅಂತ ಬರದಿದ್ನಲ್ರಿ?"

"ಅದಕ್ಕ ಮ್ಯಾಲಿನವ್ರ ಸಹಿ ಆಗೇತ್ರಿ ಮೇಡಂ, ತಿದ್ದಾಕ ಬರೂದಿಲ್ಲ. ಅದಕ್ಕ ನೆಲಾನ ತಿದ್ದೇವ್ರಿ. ನೀವು ಜಾಗಾ ಬರೋಬ್ಬರಿ ಬರಕೊಟ್ಟಿದ್ರಿ, ಹುಡಕೂ ತ್ರಾಸ ಆಗ್ಲಿಲ್ಲ."

ಫಾರ್ಮಿನಲ್ಲಿ ಒಂದೇ ಪ್ರಶ್ನೆ: ನಕಾಶೆಯಲ್ಲಿರುವುದು ನೆಲದ ಮೇಲೆ ಇದೆಯೇ? ಶೈಲಾ ನಲವತ್ತೊಂದು ಸಲ 'ಇದೆ' ಎಂದು ಬರೆದಳು. ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.